35 ಗಂಟೆ, 5 ಮೆಲುಕು: ಒಬ್ಬ ಕನ್ನಡತಿ ನರ್ಸ್‌ನ ಮೊದಲ ರಿವ್ಯಾಲಿಡೇಷನ್

2025ರ ಜುಲೈ 13, ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ತಟ್ಟೆ ಎತ್ತಿದ ಮೇಲೆ ಅವಳು ಟೇಬಲ್ ಮೇಲೆ ಒಂದು ದಪ್ಪ ಫೈಲ್ ಇಟ್ಟಳು. ಒಳಗೆ ಬರೀ ಸರ್ಟಿಫಿಕೇಟ್. ಒಂದೊಂದರ ಮೇಲೂ ಕಲಿತ ಗಂಟೆಯ ಲೆಕ್ಕ ಇತ್ತು. ಕೂಡಿಸಿದರೆ 61.

"ಬೇಕಾಗಿರೋದು 35 ಅಲ್ವಾ ಅಕ್ಕ? ನನ್ನ ಹತ್ರ ಜಾಸ್ತಿನೇ ಇದೆ. ನೀವು ಆ ಡಿಸ್ಕಷನ್ ಫಾರಂಗೆ ಒಂದು ಸೈನ್ ಹಾಕಿಬಿಟ್ರೆ ಮುಗೀತು" ಎಂದಳು.

ಇಬ್ಬರೂ ಕೂತು ಒಂದೊಂದೇ ಹಾಳೆ ತಿರುಗಿಸಿದೆವು. ಸಂಜೆ ಕಾಫಿ ಹೊತ್ತಿಗೆ 61ರಲ್ಲಿ ಉಳಿದದ್ದು 22. ನರ್ಸ್ ನೋಂದಣಿಯ ನವೀಕರಣಕ್ಕೆ, ಅಂದರೆ ರಿವ್ಯಾಲಿಡೇಷನ್‌ಗೆ, ಅವಳು ಅರ್ಜಿ ಹಾಕಲು ಇದ್ದದ್ದು 50 ದಿನ.

ಆ 50 ದಿನದಲ್ಲಿ ಏನಾಯಿತು ಅಂತ ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಬಿಟ್ಟಿದ್ದೇನೆ. ಕೋವಿಡ್ ಆದಮೇಲೆ ಇಂಗ್ಲೆಂಡಿಗೆ ಬಂದ ನಮ್ಮ ಕಡೆಯ ನರ್ಸ್‌ಗಳಿಗೆ ಈಗ ಮೊದಲ ನವೀಕರಣದ ಕಾಲ. ಫೋನ್ ಮಾಡುವವರೆಲ್ಲ ಕೇಳುವುದು ಅದೇ ಪ್ರಶ್ನೆ, ಎಡವುವುದೂ ಅದೇ ಜಾಗದಲ್ಲಿ. ಒಬ್ಬಳ ಕಥೆ ಪೂರ್ತಿ ಹೇಳಿದರೆ ನಾಲ್ಕು ಜನಕ್ಕೆ ಉಪಯೋಗ ಆದೀತು ಅನ್ನಿಸಿತು.

ನಾನು ಹಾಸನದ ಕಡೆಯವಳು. ಇಲ್ಲಿಗೆ ಬಂದು 19 ವರ್ಷ. ಬೇರೊಂದು ವಾರ್ಡಿನಲ್ಲಿ ಸಿಸ್ಟರ್, ಅಂದರೆ ಹಿರಿಯ ನರ್ಸ್. ಅವಳು ಚಾಮರಾಜನಗರ ಜಿಲ್ಲೆಯ ಹುಡುಗಿ. ಮೈಸೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ, ಕೈಯಿಂದ ಮಾಡಿ ತೋರಿಸುವ ಓಸ್ಕಿ ಎಲ್ಲ ದಾಟಿ 2022ರ ಸೆಪ್ಟೆಂಬರಿನಲ್ಲಿ ಇಲ್ಲಿ ರಿಜಿಸ್ಟರ್ ಆದವಳು. ಸರ್ಜಿಕಲ್ ವಾರ್ಡಿನಲ್ಲಿ ಕೆಲಸ. 20 ತಿಂಗಳು ಫುಲ್‌ಟೈಮ್ ದುಡಿದು ಹೆರಿಗೆ ರಜೆಗೆ ಹೋದಳು. 10 ತಿಂಗಳ ಮೇಲೆ, 2025ರ ಏಪ್ರಿಲಿನಲ್ಲಿ, ವಾರಕ್ಕೆ 22.5 ಗಂಟೆಯ ಪಾರ್ಟ್‌ಟೈಮ್‌ಗೆ ವಾಪಸ್ ಬಂದಳು. ಮಗುವಿಗೆ ಒಂದು ವರ್ಷ. ಗಂಡನೂ ನರ್ಸ್. ಒಬ್ಬರು ಡ್ಯೂಟಿಯಿಂದ ಬರುವಾಗ ಇನ್ನೊಬ್ಬರು ಹೊರಡುತ್ತಾರೆ. ಇಬ್ಬರೂ ಒಟ್ಟಿಗೆ ಮನೆಯಲ್ಲಿರುವ ದಿನ ಕಡಿಮೆ.

ಕೌನ್ಸಿಲ್ ಕೇಳುವುದೇನು

ಬ್ರಿಟನ್ನಿನ ನರ್ಸ್‌ಗಳ ನೋಂದಣಿ ಇರುವುದು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಕೈಯಲ್ಲಿ. ಎಲ್ಲರೂ ಎನ್‌ಎಂಸಿ ಅನ್ನುತ್ತಾರೆ. ಫೀ ಪ್ರತಿ ವರ್ಷ ಕಟ್ಟಬೇಕು. ಅದಲ್ಲದೆ ಮೂರು ವರ್ಷಕ್ಕೊಮ್ಮೆ ರಿವ್ಯಾಲಿಡೇಷನ್ ಆಗಬೇಕು. 2016ರ ಏಪ್ರಿಲ್‌ನಿಂದ ಈ ಪದ್ಧತಿ ಇದೆ. ಅದಕ್ಕೆ ಮುಂಚೆ 'ಪ್ರೆಪ್' ಅಂತ ಇತ್ತು. ಅದರಲ್ಲಿ ಕೆಲಸದ ಗಂಟೆ, ಕಲಿಕೆಯ ಗಂಟೆ ಎರಡನ್ನೂ ನಾವೇ ಘೋಷಿಸಿ ಕೊಟ್ಟರೆ ಆಗುತ್ತಿತ್ತು. ಕೂತು ನಮ್ಮ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ಬದಲಾವಣೆಯ ಹಿಂದೆ ಒಂದು ದೊಡ್ಡ ನೋವಿದೆ. ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳು ಅನುಭವಿಸಿದ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ವಿಚಾರಣೆ ನಡೆಸಿದರು. 2013ರ ಫೆಬ್ರವರಿಯಲ್ಲಿ ವರದಿ ಬಂತು. 290 ಶಿಫಾರಸು. ವೈದ್ಯರಿಗೆ ಇರುವ ಹಾಗೆ ನರ್ಸ್‌ಗಳಿಗೂ ರಿವ್ಯಾಲಿಡೇಷನ್ ಬೇಕು ಅನ್ನುವುದು ಅದರಲ್ಲಿ ಒಂದು. ನಾನು ಆಗ ಇಲ್ಲೇ ಇದ್ದೆ. ಬಾಯಾರಿದ ರೋಗಿಗಳಿಗೆ ನೀರು ಸಿಗುತ್ತಿರಲಿಲ್ಲ ಅಂತ ಓದಿದ ದಿನ ನಮ್ಮ ಸ್ಟಾಫ್‌ರೂಮಿನಲ್ಲಿ ಯಾರಿಗೂ ಮಾತು ಬರಲಿಲ್ಲ. ಈಗಿನ ಫಾರಂಗಳನ್ನು ಸುಮ್ನೆ ತಲೆನೋವು ಅಂತ ಬೈಯುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಿಯಮ ಹೀಗಿದೆ. ಮೂರು ವರ್ಷದಲ್ಲಿ ನರ್ಸ್ ಆಗಿ ಕನಿಷ್ಠ 450 ಗಂಟೆ ಕೆಲಸ ಮಾಡಿರಬೇಕು. ನರ್ಸ್ ಮತ್ತು ಮಿಡ್‌ವೈಫ್ ಎರಡೂ ನೋಂದಣಿ ಉಳಿಸಿಕೊಳ್ಳುವವರಿಗೆ 900. ಕಲಿಕೆ, ಅಂದರೆ ಸಿಪಿಡಿ, 35 ಗಂಟೆ. ಆ 35ರಲ್ಲಿ ಕನಿಷ್ಠ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದಾಗಿರಬೇಕು. ಕೆಲಸದ ಬಗ್ಗೆ ಬೇರೆಯವರು ಹೇಳಿದ 5 ಅಭಿಪ್ರಾಯ ಬೇಕು. ನಾವೇ ಬರೆದ 5 ರಿಫ್ಲೆಕ್ಷನ್ ಬೇಕು, ಅಂದರೆ ಕೆಲಸದಲ್ಲಿ ಆದದ್ದನ್ನು ಮತ್ತೆ ನೆನೆದು, ಅದರಿಂದ ಏನು ಕಲಿತೆವು ಅಂತ ಬರೆದದ್ದು. ಆ ಐದನ್ನೂ ಇಟ್ಟುಕೊಂಡು ಎನ್‌ಎಂಸಿಯಲ್ಲಿ ನೋಂದಣಿ ಇರುವ ಇನ್ನೊಬ್ಬರ ಜೊತೆ ಕೂತು ಮಾತಾಡಬೇಕು. ಆರೋಗ್ಯ ಮತ್ತು ನಡತೆಯ ಘೋಷಣೆ, ವಿಮೆಯ ಘೋಷಣೆ ಕೊಡಬೇಕು. ಕೊನೆಗೆ ಎಲ್ಲ ದಾಖಲೆ ನೋಡಿ 'ಹೌದು, ಇವರು ಮಾಡಿದ್ದಾರೆ' ಅಂತ ಒಬ್ಬ ಕನ್ಫರ್ಮರ್ ಹೇಳಬೇಕು. ಸಾಮಾನ್ಯವಾಗಿ ಅದು ನಮ್ಮ ಮ್ಯಾನೇಜರ್. ಅರ್ಜಿಗೆ ಹಿಂದಿನ 12 ತಿಂಗಳೊಳಗೆ ಅದು ಆಗಿರಬೇಕು.

ಸರ್ಟಿಫಿಕೇಟ್ ಆಗಲಿ ರಿಫ್ಲೆಕ್ಷನ್ ಆಗಲಿ ಆನ್‌ಲೈನ್‌ನಲ್ಲಿ ಅಪ್‌ಲೋಡ್ ಮಾಡಬೇಕಿಲ್ಲ. ಮಾಡಿದ್ದೇನೆ ಅಂತ ಘೋಷಿಸುತ್ತೇವೆ, ಅಷ್ಟೇ. ಆದರೆ ಪ್ರತಿ ವರ್ಷ ಕೆಲವರನ್ನು ಆರಿಸಿ ಪರಿಶೀಲನೆ ಮಾಡುತ್ತಾರೆ. ಹಾಗಾಗಿ ಫೈಲ್ ಕೈಯಲ್ಲಿರಲೇಬೇಕು, ಮುಂದಿನ ರಿವ್ಯಾಲಿಡೇಷನ್ ಮುಗಿಯುವವರೆಗೂ.

ಜನ ಹೆಚ್ಚು ಎಡವುವುದು ತಾರೀಖಿನಲ್ಲಿ. ಅವಳ ನೋಂದಣಿ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಅರ್ಜಿಗೂ 30ರವರೆಗೆ ಸಮಯ ಇದೆ ಅಂದುಕೊಂಡಿದ್ದಳು. ಇಲ್ಲ. ನೋಂದಣಿ ಮುಗಿಯುವ ತಿಂಗಳ 1ನೇ ತಾರೀಖಿನೊಳಗೆ ಅರ್ಜಿ ಹೋಗಬೇಕು. ಅದಕ್ಕೆ 60 ದಿನ ಮುಂಚೆ ಬಾಗಿಲು ತೆರೆಯುತ್ತದೆ. ತಪ್ಪಿದರೆ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ, ಮತ್ತೆ ಸೇರಲು ಹೊಸದಾಗಿ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ನರ್ಸ್ ಆಗಿ ಒಂದು ಮಾತ್ರೆಯನ್ನೂ ಕೊಡುವಂತಿಲ್ಲ. ಅವಳ ವೀಸಾ ಇರುವುದೂ ಈ ಕೆಲಸದ ಮೇಲೆಯೇ. ಸೆಪ್ಟೆಂಬರ್ 1 ಅಂದ ತಕ್ಷಣ ಅವಳ ಮುಖ ಬಾಡಿತು.

61 ಹೇಗೆ 22 ಆಯಿತು

ಮೊದಲು ಒಂದು ಸಮಾಧಾನದ ಮಾತು ಹೇಳಿದೆ. ಅವಳಿಗೆ ಜಾಸ್ತಿ ಭಯ ಇದ್ದದ್ದು 450 ಗಂಟೆಯ ಬಗ್ಗೆ, ಹೆರಿಗೆ ರಜೆ ಆಯ್ತಲ್ಲ ಅಂತ. ವಾರಕ್ಕೆ 37.5 ಗಂಟೆ ಕೆಲಸ ಮಾಡಿದರೆ 450 ಅನ್ನುವುದು ಬರೀ 12 ವಾರ. ಪಾರ್ಟ್‌ಟೈಮ್ 22.5 ಗಂಟೆಯಾದರೂ 20 ವಾರ. ರಜೆಗೆ ಹೋಗುವ ಮುಂಚೆಯೇ ಅವಳದ್ದು ಅದರ ಎಷ್ಟೋ ಪಟ್ಟು ಆಗಿತ್ತು. ಒಂದು ವರ್ಷದಿಂದ ಮನಸ್ಸಿನಲ್ಲಿ ಹೊತ್ತಿದ್ದ ಭಾರ ಎರಡು ನಿಮಿಷದ ಲೆಕ್ಕದಲ್ಲಿ ಇಳಿಯಿತು.

ಕಷ್ಟ ಇದ್ದದ್ದು 35ರಲ್ಲಿ. ಫೈಲಿನ 61 ಗಂಟೆಯಲ್ಲಿ 22 ಗಂಟೆ ಆಸ್ಪತ್ರೆ ಎಲ್ಲರಿಗೂ ಕಡ್ಡಾಯ ಮಾಡಿರುವ ತರಬೇತಿ. ಬೆಂಕಿ ಬಿದ್ದರೆ ಏನು ಮಾಡಬೇಕು, ಕಂಪ್ಯೂಟರ್ ಮುಂದೆ ಹೇಗೆ ಕೂರಬೇಕು, ಇಮೇಲ್ ಪಾಸ್‌ವರ್ಡ್ ಹೇಗಿರಬೇಕು, ಇಂಥದ್ದು. ವರ್ಷಾ ವರ್ಷಾ ಮಾಡಿದ್ದರಿಂದ ಗಂಟೆ ಬೆಳೆದಿತ್ತು. ನಮ್ಮ ನರ್ಸಿಂಗ್ ಕೆಲಸಕ್ಕೆ ನೇರ ಸಂಬಂಧ ಇಲ್ಲದ ಕಡ್ಡಾಯ ತರಬೇತಿಯನ್ನು ಸಿಪಿಡಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದು ಹೋಯಿತು. ಉಳಿದದ್ದು 39.

ಆ 39ರಲ್ಲಿ ಹೆಚ್ಚಿನದು ಅವಳು ದುಡ್ಡು ಕೊಟ್ಟು ಕೊಂಡದ್ದು. ಹೆರಿಗೆ ರಜೆಯಲ್ಲಿ, ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ ಫೋನಿನಲ್ಲಿ ನೋಡಿದ್ದಂತೆ. 'ರಿವ್ಯಾಲಿಡೇಷನ್‌ಗೆ ಬೇಕಾದ 35 ಗಂಟೆ ಒಂದೇ ಪ್ಯಾಕಿನಲ್ಲಿ' ಅಂತ ಜಾಹೀರಾತು. ಕೊಂಡಳು. ವಿಡಿಯೋ ನೋಡಿ, ಕೊನೆಯಲ್ಲಿ ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಸರ್ಟಿಫಿಕೇಟ್ ಬರುತ್ತದೆ. ಅಡುಗೆಮನೆಯ ಶುಚಿತ್ವ, ಮಕ್ಕಳ ಡೇಕೇರ್ ನಡೆಸುವುದು, ಇಂಥವೇ 17 ಗಂಟೆ ಇದ್ದವು. ಸರ್ಜಿಕಲ್ ವಾರ್ಡಿನ ನರ್ಸ್‌ಗೆ ಇದು ಯಾವ ಲೆಕ್ಕ? ಅದೂ ಹೋಯಿತು. 22.

ಗಾಯದ ಆರೈಕೆ, ಸೆಪ್ಸಿಸ್, ನೋವಿನ ಔಷಧಿ ಇವೆಲ್ಲ ಆ 22ರಲ್ಲಿ ಇದ್ದವು. ಒಳ್ಳೆಯವೇ. ಆದರೆ ಒಬ್ಬಳೇ ಕೂತು ಕಲಿತದ್ದು. ಬೇರೆಯವರ ಜೊತೆ ಕಲಿತದ್ದು ಅಂತ ಇದ್ದದ್ದು ಒಂದೇ, ರೋಗಿಯ ಹೃದಯ ನಿಂತಾಗ ತಕ್ಷಣ ಏನು ಮಾಡಬೇಕು ಅಂತ ಕಲಿಸುವ ಇಮ್ಮಿಡಿಯೆಟ್ ಲೈಫ್ ಸಪೋರ್ಟ್‌ನ ಒಂದು ದಿನದ ಕೋರ್ಸ್, 7 ಗಂಟೆ. ಅಂದರೆ ಇನ್ನೂ 13 ಗಂಟೆ ಬೇಕು, ಆ 13ಕ್ಕೆ 13ನ್ನೂ ಜನರ ಜೊತೆ ಸೇರಿಯೇ ಕಲಿತಿರಬೇಕು.

ಆ ಪ್ಯಾಕ್ ಮಾರುವವರ ಮೇಲೆ ನನಗೆ ನಿಜವಾಗಲೂ ಸಿಟ್ಟಿದೆ. ಅವರು ಸುಳ್ಳು ಹೇಳಿಲ್ಲ ಇರಬಹುದು, ಆದರೆ ಈ 20 ಗಂಟೆಯ ವಿಷಯವನ್ನು ಎದ್ದು ಕಾಣುವ ಹಾಗೆ ಹೇಳುವುದಿಲ್ಲ. ನಿದ್ದೆಗೆಟ್ಟ ತಾಯಿಯ ಭಯವನ್ನು ದುಡ್ಡು ಮಾಡಿಕೊಳ್ಳುತ್ತಾರೆ.

ನಮ್ಮವರು ಹೀಗೆ ಸರ್ಟಿಫಿಕೇಟ್ ಒಟ್ಟು ಮಾಡುವುದಕ್ಕೆ ಕಾರಣವೂ ಇದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಕೂಡ ನವೀಕರಣಕ್ಕೆ 5 ವರ್ಷಕ್ಕೆ 150 ಗಂಟೆಯ ಕಲಿಕೆ ಅಂತ ಇಟ್ಟಿದೆ. ಅಲ್ಲಿ ಲೆಕ್ಕ ನಿಂತಿರುವುದೇ ಗಂಟೆ ಮತ್ತು ಸರ್ಟಿಫಿಕೇಟಿನ ಮೇಲೆ. ಬೆಂಗಳೂರಿನಲ್ಲಿ ನಾನು ಕೆಲಸ ಮಾಡುವಾಗ ಸಮ್ಮೇಳನಗಳಿಗೆ ಹೋಗಿದ್ದೇನೆ. ಬೆಳಗ್ಗೆ ಸಹಿ, ಒಂದು ಬ್ಯಾಗು, ಊಟ, ಸಂಜೆ ಸರ್ಟಿಫಿಕೇಟ್. ಕೆಲವು ಭಾಷಣ ಬಹಳ ಚೆನ್ನಾಗಿರುತ್ತಿದ್ದವು. ಆದರೆ 'ಇದರಿಂದ ನಿನ್ನ ಕೆಲಸದಲ್ಲಿ ಏನು ಬದಲಾಯಿತು' ಅಂತ ವಾಪಸ್ ಬಂದ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಆ ಅಭ್ಯಾಸದಲ್ಲಿ ಬೆಳೆದವರು ಇಲ್ಲಿ ಬಂದು ಫೈಲ್ ತುಂಬಿಸುತ್ತಾರೆ. ಅವರದ್ದು ತಪ್ಪು ಅನ್ನಲಾರೆ.

ಸರ್ಟಿಫಿಕೇಟ್ ಇಲ್ಲದ ಕಲಿಕೆ

"ವಾರ್ಡಿನಲ್ಲಿ ನಿನಗೆ ಯಾರಾದರೂ ಏನಾದರೂ ಕಲಿಸಿದ್ದು ನೆನಪಿದೆಯಾ? ಸರ್ಟಿಫಿಕೇಟ್ ಕೊಡದೆ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದಳು. ಔಷಧಿಯನ್ನು ನಿಧಾನಕ್ಕೆ ಮೈಗೆ ಬಿಡುವ ಸಣ್ಣ ಪಂಪು, ಸಿರಿಂಜ್ ಡ್ರೈವರ್, ಹಾಕುವುದನ್ನು ನರ್ಸ್‌ಗಳಿಗೆ ಕಲಿಸುವ ಪ್ರಾಕ್ಟೀಸ್ ಎಜುಕೇಟರ್ ಒಬ್ಬರು ಮೂರು ಗಂಟೆ ಕೂರಿಸಿಕೊಂಡು, ಕೈಯಿಂದ ಮಾಡಿಸಿ ಕಲಿಸಿದ್ದರು. ಡಯಾಬಿಟಿಸ್ ನರ್ಸ್ ಬಂದು ವಾರ್ಡಿನವರಿಗೆಲ್ಲ ಒಂದೂವರೆ ಗಂಟೆ ಪಾಠ ಮಾಡಿದ್ದರು. ಸೇರಿದ ಮೊದಲ ವರ್ಷ ಹೊಸಬರಿಗೆ ಅಂತ ಎರಡು ಪೂರ್ತಿ ದಿನ ಸ್ಟಡಿ ಡೇ ಇತ್ತು. "ಅದೆಲ್ಲ ಸಿಪಿಡಿ ಹೇಗಾಗುತ್ತೆ ಅಕ್ಕ? ಪೇಪರ್ರೇ ಕೊಟ್ಟಿಲ್ಲ" ಎಂದಳು.

ಆಗುತ್ತದೆ. ಏನು ಕಲಿತೆ, ಯಾವ ದಿನ, ಎಷ್ಟು ಗಂಟೆ, ಹೇಗೆ ಕಲಿತೆ, ನಿನ್ನ ಕೆಲಸಕ್ಕೆ ಏನು ಸಂಬಂಧ, ಎನ್‌ಎಂಸಿಯ ನೀತಿಸಂಹಿತೆ 'ಕೋಡ್'ನ ಯಾವ ಭಾಗಕ್ಕೆ ಸೇರುತ್ತದೆ ಎಂದು ಬರೆದಿಟ್ಟು, ಹೋದದ್ದಕ್ಕೆ ಏನಾದರೂ ಪುರಾವೆ ಇದ್ದರೆ ಸಾಕು. ಎಜುಕೇಶನ್ ವಿಭಾಗಕ್ಕೆ ಇಮೇಲ್ ಮಾಡಿದಳು. ನಾಲ್ಕು ದಿನದಲ್ಲಿ ಹಾಜರಿ ಪಟ್ಟಿ ಬಂತು. ಎರಡು ಸ್ಟಡಿ ಡೇಗಳಲ್ಲಿ ಒಂದು ದಿನ ಪೂರ್ತಿ ರಜೆ ನಿಯಮ, ಸಂಬಳ, ಬೆಂಕಿ ಇದರಲ್ಲೇ ಹೋಗಿತ್ತು. ಅದನ್ನು ಬಿಟ್ಟೆವು. ಇನ್ನೊಂದು ದಿನದ 6 ಗಂಟೆ ಹಿಡಿದೆವು. ಒಟ್ಟು 10.5 ಗಂಟೆ ಸಿಕ್ಕಿತು.

ಓಸ್ಕಿ ಪರೀಕ್ಷೆಗೆ ತಯಾರಿ ಮಾಡಿದ ವಾರಗಳನ್ನೂ ಸೇರಿಸಬಹುದಾ ಅಂತ ಕೇಳಿದಳು. ಇಲ್ಲ, ಅದು ರಿಜಿಸ್ಟರ್ ಆಗುವ ಮುಂಚಿನದು. ಆಗಸ್ಟಿನಲ್ಲಿ ಆಸ್ಪತ್ರೆಯಲ್ಲೇ ಡಯಾಬಿಟಿಸ್ ಬಗ್ಗೆ ಅರ್ಧ ದಿನದ ತರಬೇತಿ ಇತ್ತು, 4 ಗಂಟೆ. ತನ್ನ ರಜಾದಿನದಲ್ಲಿ ಹೋಗಿ ಬಂದಳು. ಮಗು ಅವತ್ತು ನಮ್ಮ ಮನೆಯಲ್ಲಿತ್ತು. ಲೆಕ್ಕ 36.5ಕ್ಕೆ ಬಂತು, ಅದರಲ್ಲಿ ಜೊತೆಗೂಡಿ ಕಲಿತದ್ದು 21.5. ಕಲಿಕೆಯನ್ನು ಕಡ್ಡಾಯ ಮಾಡಿ, ಅದಕ್ಕೆ ಡ್ಯೂಟಿಯಲ್ಲಿ ಸಮಯ ಕೊಡದೆ ಇರುವುದು ಸರಿಯಲ್ಲ. ಈ ಮಾತನ್ನು ನಾನು ಮೀಟಿಂಗುಗಳಲ್ಲೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ಖಾಲಿ ಇದ್ದ ಐದು ಫಾರಂ

ಗಂಟೆ ಮುಗಿಯಿತು. ನಿಜವಾದ ಕೆಲಸ ಅಲ್ಲಿಂದ ಶುರು.

ಐದು ರಿಫ್ಲೆಕ್ಷನ್ ತೋರಿಸು ಅಂದೆ. ಕಳಿಸಿದಳು. ಇಂಗ್ಲಿಷ್ ಬಹಳ ಸೊಗಸಾಗಿತ್ತು. ಎರಡನೆಯದು ಓದುವಾಗ ನಿಂತೆ. ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿಯ ಕ್ಯಾಥೆಟರ್ ಬಗ್ಗೆ ಬರೆದಿತ್ತು. ಅವಳು ಒಂದು ದಿನವೂ ವೃದ್ಧಾಶ್ರಮದಲ್ಲಿ ಕೆಲಸ ಮಾಡಿದವಳಲ್ಲ.

ಫೋನ್ ಮಾಡಿದೆ. ಸುಳ್ಳು ಹೇಳಲಿಲ್ಲ ಪಾಪ. ವಾಟ್ಸಾಪ್ ಗ್ರೂಪಿನಲ್ಲಿ ರೆಡಿ ಮಾಡಿದ ಪಿಡಿಎಫ್ ಓಡಾಡುತ್ತದಂತೆ. "ಎಲ್ಲರೂ ಅದನ್ನೇ ಹಾಕ್ತಾರೆ ಅಕ್ಕ. ಯಾರೂ ಓದಲ್ಲ ಅಂತಾರೆ."

"ನಾನು ಓದ್ತೀನಲ್ಲ" ಎಂದೆ. ಆ ಫಾರಂ ಮೇಲೆ ನನ್ನ ಹೆಸರು, ನನ್ನ ನೋಂದಣಿಯ ಪಿನ್ ನಂಬರ್ ಹೋಗುತ್ತದೆ. ಅವಳು ಬದುಕದ ಅನುಭವದ ಬಗ್ಗೆ ಅವಳ ಜೊತೆ ಮಾತಾಡಿದೆ ಅಂತ ನಾನು ಸಹಿ ಹಾಕುವುದು ಹೇಗೆ? ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ನವೀಕರಣವಷ್ಟೇ ಅಲ್ಲ, ನೋಂದಣಿಗೇ ಕುತ್ತು. ಅಷ್ಟು ಖಾರವಾಗಿ ಹೇಳಿದ ಮೇಲೆ ನನಗೇ ಬೇಜಾರಾಯಿತು. ಮಾರನೇ ದಿನ ಚಪಾತಿ ಮಾಡಿಕೊಂಡು ಅವಳ ಮನೆಗೇ ಹೋದೆ.

"ಬರೆಯೋಕೆ ಏನೂ ಇಲ್ವಾ ನಿನ್ನ ಹತ್ರ? ಮೂರು ವರ್ಷದಲ್ಲಿ?"

"ಇದೆ ಅಕ್ಕ. ಆದ್ರೆ ಅದನ್ನ ಬರೆದ್ರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ."

ಈ ಭಯ ನನಗೆ ಹೊಸದಲ್ಲ. ನಾವು ಕೆಲಸ ಕಲಿತ ಕಡೆ 'ಬರೆದುಕೊಡು' ಅಂದರೆ ಒಂದೇ ಅರ್ಥ. ಎಕ್ಸ್‌ಪ್ಲನೇಷನ್ ಲೆಟರ್. ಅದು ಫೈಲಿಗೆ ಹೋಗುತ್ತದೆ, ಸಂಬಳ ಹೆಚ್ಚಿಸುವಾಗ ಹೊರಗೆ ಬರುತ್ತದೆ. ಇಲ್ಲೂ ಈ ಭಯ ಇಲ್ಲದಿಲ್ಲ. 2018ರಲ್ಲಿ ತರಬೇತಿಯಲ್ಲಿದ್ದ ಒಬ್ಬ ವೈದ್ಯೆಯ ಪ್ರಕರಣ ದೊಡ್ಡ ಸುದ್ದಿಯಾದಾಗ, ಅವರು ಬರೆದುಕೊಂಡ ರಿಫ್ಲೆಕ್ಷನ್ ಅವರಿಗೇ ಮುಳುವಾಯಿತು ಎಂಬ ಮಾತು ಹಬ್ಬಿ ವೈದ್ಯರು, ನರ್ಸ್‌ಗಳೆಲ್ಲ ಪೆನ್ನು ಕೆಳಗಿಟ್ಟರು. ಕೊನೆಗೆ 2019ರ ಜೂನಿನಲ್ಲಿ ಎನ್‌ಎಂಸಿ ಸೇರಿ 9 ನಿಯಂತ್ರಣ ಸಂಸ್ಥೆಗಳು ಒಟ್ಟಾಗಿ ಹೇಳಿಕೆ ಕೊಟ್ಟವು: ದೂರಿನ ತನಿಖೆಗಾಗಿ ನಿಮ್ಮ ಸ್ವಂತ ರಿಫ್ಲೆಕ್ಷನ್ ಬರಹ ಕೊಡಿ ಅಂತ ನಾವು ಕೇಳುವುದಿಲ್ಲ, ಕೊಡುವುದು ಬಿಡುವುದು ನಿಮ್ಮಿಷ್ಟ. ಇದನ್ನು ಅವಳಿಗೆ ಓದಿ ಹೇಳಿದೆ.

ಆಮೇಲೆ ಇನ್ನೊಂದು ಮಾತು ಹೇಳಿದೆ. ರಿಫ್ಲೆಕ್ಷನ್ ಅಂದರೆ ಮೆಲುಕು. ಹಸು ಮೇಯುವಾಗ ಗಬಗಬ ತಿನ್ನುತ್ತದೆ. ನೆರಳಿಗೆ ಬಂದು ಮಲಗಿದ ಮೇಲೆ ಅದನ್ನೇ ಬಾಯಿಗೆ ತಂದು ಅಗಿಯುತ್ತದೆ. ಮೈಗೆ ಹತ್ತುವುದು ಆಗ. ಅವಳ ಮನೆಯಲ್ಲೂ ಹಸು ಇದ್ದವು, ನಕ್ಕಳು. "ಕನ್ನಡದಲ್ಲೇ ಹೇಳು. ನಾನು ಕೇಳ್ತೀನಿ. ಇಂಗ್ಲಿಷ್ ಆಮೇಲೆ" ಎಂದೆ.

ಹೇಳಿದಳು.

2023ರ ನವೆಂಬರ್. ರಾತ್ರಿ ಡ್ಯೂಟಿ. ಟೈಪ್ 1 ಡಯಾಬಿಟಿಸ್ ಇರುವ ಒಬ್ಬರು ಆಪರೇಷನ್ ಆಗಿ ಬಾಯಿಗೆ ಏನೂ ಕೊಡದೆ ಮಲಗಿದ್ದರು. ಇನ್ಸುಲಿನ್ ಡ್ರಿಪ್ ಓಡುತ್ತಿತ್ತು, ನಾವೆಲ್ಲ ಸ್ಲೈಡಿಂಗ್ ಸ್ಕೇಲ್ ಅನ್ನುತ್ತೇವಲ್ಲ, ಅದು. ರಾತ್ರಿ 10ಕ್ಕೆ ಅವರ ಮಾಮೂಲಿ ಗ್ಲಾರ್ಜಿನ್, ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್, ಚಾರ್ಟಿನಲ್ಲಿತ್ತು. ಡ್ರಿಪ್‌ನಲ್ಲೇ ಇನ್ಸುಲಿನ್ ಹೋಗುತ್ತಿದೆ, ಇದನ್ನೂ ಚುಚ್ಚಿದರೆ ಶುಗರ್ ಬಿದ್ದುಹೋಗುತ್ತದೆ ಅಂತ ಅವಳಿಗೆ ಅನ್ನಿಸಿತು. ಕೊಡಲಿಲ್ಲ. 'ತಡೆಹಿಡಿದಿದೆ' ಅಂತ ಗುರುತು ಹಾಕಿದಳು.

ಬೆಳಗ್ಗೆ ಅವರು ತಿಂಡಿ ತಿಂದರು, ಡ್ರಿಪ್ ನಿಲ್ಲಿಸಿದರು. ರಕ್ತನಾಳಕ್ಕೆ ಹೋಗುವ ಇನ್ಸುಲಿನ್ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಹಿಂದೆ ಆಸರೆಗೆ ಇರಬೇಕಾದ ಗ್ಲಾರ್ಜಿನ್ ಮೈಯಲ್ಲಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶುಗರ್ 21. ನಮ್ಮ ಊರಿನ ಲೆಕ್ಕದಲ್ಲಿ 380ರ ಹತ್ತಿರ. ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಏರುವ ಕೀಟೋನ್ 2.1. ಮೂರು ದಾಟಿದ್ದರೆ ಜೀವಕ್ಕೇ ಅಪಾಯ. ಡಯಾಬಿಟಿಸ್ ನರ್ಸ್ ಓಡಿ ಬಂದರು, ಸರಿಹೋಯಿತು. ರೋಗಿಗೆ ಆದದ್ದನ್ನು ಹೇಳಿ ಕ್ಷಮೆ ಕೇಳಿದರು. ಘಟನೆಯ ವರದಿ ಹಾಕಿದರು. ಡ್ರಿಪ್ ನಡೆಯುವಾಗಲೂ ನಿಧಾನದ ಇನ್ಸುಲಿನ್ ನಿಲ್ಲಿಸಬಾರದು ಅಂತ ಆಮೇಲೆ ಎಲ್ಲರಿಗೂ ಒಂದೂವರೆ ಗಂಟೆ ಪಾಠ ಮಾಡಿದರು. ಅದೇ ಆ ಹಾಜರಿ ಪಟ್ಟಿಯ ಒಂದೂವರೆ ಗಂಟೆ! ಅವಳ ಮನಸ್ಸಿನಲ್ಲಿ ಅದು ಕಲಿಕೆಯಾಗಿ ಉಳಿದಿರಲೇ ಇಲ್ಲ, ಶಿಕ್ಷೆಯಾಗಿ ಉಳಿದಿತ್ತು.

ಎರಡು ದಿನ ಬಿಟ್ಟು ಬರೆದು ಕಳಿಸಿದಳು. ಕೊನೆಯ ಸಾಲು: 'ಇನ್ನು ಮುಂದೆ ಆಸ್ಪತ್ರೆಯ ನಿಯಮವನ್ನು ಪಾಲಿಸುವುದನ್ನು ಕಲಿತೆ.' ಮೂರು ವರ್ಷಕ್ಕೊಮ್ಮೆ ನಾನು ಓದುವ ಎಷ್ಟೋ ಫಾರಂಗಳಲ್ಲಿ ಇದೇ ಸಾಲು ಇರುತ್ತದೆ. 2016ರಲ್ಲಿ ನಾನು ಬರೆದದ್ದರಲ್ಲೂ ಇತ್ತು.

"ಆ ರಾತ್ರಿ ಯಾರನ್ನ ಕೇಳಿದೆ?" ಎಂದೆ.

ಸುಮ್ಮನಾದಳು. ಮಗು ಅವಳ ಓಢಣಿ ಎಳೆಯುತ್ತಿತ್ತು. ಆಮೇಲೆ ಹೇಳಿದಳು. ಅನುಮಾನ ಬಂದಿತ್ತಂತೆ. ಚಾರ್ಟ್ ಹಿಡಿದು ಐದು ನಿಮಿಷ ನಿಂತಿದ್ದಳಂತೆ. ರಾತ್ರಿಯ ಡಾಕ್ಟರಿಗೆ ಅದಕ್ಕೆ ಮುಂಚೆ ಎರಡು ಸಲ ಫೋನ್ ಮಾಡಿದ್ದಳು. ಎರಡನೇ ಸಲ ಅವರ ದನಿ ಗಡುಸಾಗಿತ್ತು. ಮೂರನೇ ಸಲ ಮಾಡಿದರೆ 'ಇಂಡಿಯಾದಿಂದ ಬಂದವಳಿಗೆ ಇಷ್ಟೂ ಗೊತ್ತಿಲ್ವಾ' ಅಂದುಕೊಳ್ಳುತ್ತಾರೆ ಅನ್ನಿಸಿತು. ವಾರ್ಡಿನ ಪಕ್ಕದ ಭಾಗದಲ್ಲಿ, ಇಲ್ಲಿ 'ಬೇ' ಅನ್ನುತ್ತಾರೆ, ಹತ್ತು ವರ್ಷ ಅನುಭವದ ನರ್ಸ್ ಇದ್ದರು. ಅವರನ್ನೂ ಕೇಳಲಿಲ್ಲ.

ಅವಳಿಗೆ ಇನ್ಸುಲಿನ್ ಬಗ್ಗೆ ಗೊತ್ತಿಲ್ಲದ್ದು ಒಂದೂವರೆ ಗಂಟೆಯ ಪಾಠದಲ್ಲಿ ಸರಿಹೋಯಿತು. ಕೇಳಲು ಹಿಂಜರಿದದ್ದು ಯಾವ ಪಾಠದಲ್ಲೂ ಸರಿಹೋಗಿರಲಿಲ್ಲ, ಯಾಕೆಂದರೆ ಅದು ಯಾರಿಗೂ ಗೊತ್ತೇ ಇರಲಿಲ್ಲ. ಕೋಡ್‌ನ 13ನೇ ಭಾಗದಲ್ಲಿ ನಮ್ಮ ತಿಳಿವಳಿಕೆಯ ಎಲ್ಲೆ ದಾಟುವ ಕೆಲಸಕ್ಕೆ ಬಲ್ಲವರ ಸಹಾಯ ಕೇಳಬೇಕು ಅಂತ ಸ್ಪಷ್ಟವಾಗಿ ಇದೆ. ಅದನ್ನು ಅವಳು ನೂರು ಸಲ ಓದಿದ್ದಳು. ಓಸ್ಕಿಗೆ ಬಾಯಿಪಾಠ ಮಾಡಿದ್ದಳು.

ಮತ್ತೆ ಬರೆದಳು. ಈ ಸಲ ಒಂದು ಪುಟವೂ ಇರಲಿಲ್ಲ. ಇಂಗ್ಲಿಷ್ ಮೊದಲಿನಷ್ಟು ನುಣುಪಾಗಿರಲಿಲ್ಲ. ನಾನು ತಿದ್ದಿದ್ದು ಒಂದೇ. ಹಾಸಿಗೆ ನಂಬರ್, ರೋಗಿಯ ವಯಸ್ಸು, ಅವರ ದೇಶ, ತಾರೀಖು ಎಲ್ಲ ಹಾಕಿಬಿಟ್ಟಿದ್ದಳು. ಯಾರ ಗುರುತೂ ಸಿಗುವ ಹಾಗೆ ಬರೆಯಬಾರದು. ರೋಗಿಯದ್ದೂ ಅಷ್ಟೇ, ಆ ಗಡುಸು ದನಿಯ ಡಾಕ್ಟರದ್ದೂ ಅಷ್ಟೇ. ಅದನ್ನೆಲ್ಲ ತೆಗೆಸಿದೆ. ಕೊನೆಯಲ್ಲಿ ಅವಳು ಬರೆದದ್ದು ಇಷ್ಟು: ಈಗ ಡ್ಯೂಟಿ ಮುಗಿಸಿ ಡ್ರಿಪ್ ಇರುವ ರೋಗಿಯ ಹ್ಯಾಂಡೋವರ್ ಕೊಡುವಾಗ ಗ್ಲಾರ್ಜಿನ್ ಕೊಟ್ಟಿದೆಯೋ ಇಲ್ಲವೋ ಅಂತ ಬಾಯಿಬಿಟ್ಟು ಹೇಳುತ್ತೇನೆ, ಅನುಮಾನ ಬಂದರೆ ಮೊದಲು ಪಕ್ಕದ 'ಬೇ' ಕಡೆಗೆ ನಡೆದು ಹೋಗುತ್ತೇನೆ.

ಎರಡನೆಯದು ಒಂದು ಅಭಿಪ್ರಾಯದಿಂದ ಹುಟ್ಟಿತು. ಐದು ಅಭಿಪ್ರಾಯ ಬೇಕಲ್ಲ, ಅವಳ ಹತ್ತಿರ ಇದ್ದದ್ದು ಬರೀ ಥ್ಯಾಂಕ್ಯೂ ಕಾರ್ಡ್. ಅವೂ ನಡೆಯುತ್ತವೆ. ಬಾಯಲ್ಲಿ ಹೇಳಿದ್ದೂ ನಡೆಯುತ್ತದೆ, ನಾವು ಗುರುತು ಹಾಕಿಕೊಂಡರೆ ಆಯ್ತು. 'ಮನಸ್ಸಿಗೆ ಚುರುಕ್ ಅನ್ನಿಸಿದ ಮಾತು ಯಾವುದಾದರೂ ಇದೆಯಾ' ಅಂದೆ. ಕಿವಿ ಮಂದವಾಗಿದ್ದ ಒಬ್ಬ ಅಜ್ಜಿಯ ಮಗಳು ಒಂದು ದಿನ ಹೇಳಿದ್ದರಂತೆ: ನೀವು ತಲೆ ಆಡಿಸಿದರೆ ಅಮ್ಮನಿಗೆ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಅಜ್ಜಿ ನೋವಿನ ಮಾತ್ರೆ ಕೇಳಿದ್ದರು. ಇವಳು ಟ್ರಾಲಿ ತಳ್ಳುತ್ತಾ 'ಆಯ್ತು' ಅಂತ ನಾವು ಆಡಿಸುವ ಹಾಗೆ ಪಕ್ಕಕ್ಕೆ ತಲೆ ಆಡಿಸಿದ್ದಳು. ಅಜ್ಜಿ 'ಇಲ್ಲ' ಅಂದುಕೊಂಡು ನೋವು ನುಂಗಿ ಮಲಗಿದ್ದರು.

ಅವಳಿಗೆ ಅವತ್ತು ಅವಮಾನ ಆಗಿತ್ತಂತೆ, ನಮ್ಮ ಅಭ್ಯಾಸವನ್ನೇ ತಪ್ಪು ಅಂದರಲ್ಲ ಅಂತ. ನಾವಿಬ್ಬರೂ ಇದರ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ತಲೆ ಆಡಿಸುವುದು ತಪ್ಪಲ್ಲ. ಅದು ನಮ್ಮದು, ಅದನ್ನು ಕಳೆದುಕೊಳ್ಳಬೇಕಿಲ್ಲ. ಆದರೆ ಕಿವಿ ಕೇಳದವರಿಗೆ ಕಣ್ಣೇ ಕಿವಿ. ಎದುರಿಗೆ ನಿಂತು, ಮುಖ ತೋರಿಸಿ, ಹೆಬ್ಬೆರಳು ಎತ್ತಿ 'ತರುತ್ತೇನೆ' ಅನ್ನುವುದಕ್ಕೆ ಮೂರು ಸೆಕೆಂಡು ಸಾಕು. ಸ್ಪಷ್ಟವಾಗಿ ಸಂವಹನ ಮಾಡಬೇಕು ಎನ್ನುವ 7ನೇ ಭಾಗಕ್ಕೆ ಅದನ್ನು ಸೇರಿಸಿದಳು.

ಉಳಿದ ಮೂರು ಬೇಗ ಆದವು. ಸಿರಿಂಜ್ ಡ್ರೈವರ್ ಕಲಿತದ್ದು ಒಂದು. ಒಬ್ಬ ವಿದ್ಯಾರ್ಥಿನಿ 'ನೀವು ಕಾರಣ ಹೇಳಿ ಕಲಿಸುತ್ತೀರಿ' ಎಂದದ್ದು ಒಂದು. ಹೆರಿಗೆ ರಜೆಯಿಂದ ವಾಪಸ್ ಬಂದ ಮೊದಲ ವಾರ ಕೈ ನಡುಗಿದ್ದು ಇನ್ನೊಂದು. ಮೊದಲನೆಯದನ್ನು ಬರೆದ ಮೇಲೆ ಅವಳಿಗೆ ದಾರಿ ಗೊತ್ತಾಗಿತ್ತು.

ಅರ್ಜಿ

ಆಗಸ್ಟ್ 17ರಂದು ನಮ್ಮ ಔಪಚಾರಿಕ ಮಾತುಕತೆ. ಐದೂ ಬರಹ ಮುಂದಿಟ್ಟುಕೊಂಡು ಎರಡು ಗಂಟೆ ಕೂತೆವು. ಫಾರಂಗೆ ನನ್ನ ಹೆಸರು, ಪಿನ್, ತಾರೀಖು ಹಾಕಿ ಸಹಿ ಮಾಡಿದೆ. ಆ ವಾರವೇ ಅವಳ ವಾರ್ಡ್ ಮ್ಯಾನೇಜರ್ ಫೈಲ್ ನೋಡಿ ಕನ್ಫರ್ಮ್ ಮಾಡಿದರು. ಕನ್ಫರ್ಮರ್ ಕೆಲಸ ನಾವು ಒಳ್ಳೆಯ ನರ್ಸೋ ಅಲ್ಲವೋ ಅಂತ ತೀರ್ಪು ಕೊಡುವುದಲ್ಲ. ಕೇಳಿದ್ದೆಲ್ಲ ಮಾಡಿದ್ದಾರೆ ಅಂತ ನೋಡುವುದಷ್ಟೇ. ಇದು ಗೊತ್ತಿಲ್ಲದೆ ಅವಳು ಆ ಮೀಟಿಂಗಿಗೆ ಮುಂಚೆ ರಾತ್ರಿ ನಿದ್ದೆ ಮಾಡಿರಲಿಲ್ಲ. ಮ್ಯಾನೇಜರ್ ಮಾತ್ರ ಇನ್ಸುಲಿನ್ ಬರಹ ಓದಿ, ಹೊಸದಾಗಿ ಬರುವ ವಿದೇಶಿ ನರ್ಸ್‌ಗಳಿಗೆ ಮೊದಲ ರಾತ್ರಿ ಡ್ಯೂಟಿಯಲ್ಲಿ 'ಅನುಮಾನ ಬಂದರೆ ಇವರನ್ನು ಕೇಳು' ಅಂತ ಒಬ್ಬರ ಹೆಸರು ಹೇಳಿಯೇ ಕಳಿಸೋಣ ಎಂದರಂತೆ.

ಆಗಸ್ಟ್ 24, ಭಾನುವಾರ, ಗಡುವಿಗೆ ಎಂಟು ದಿನ ಇರುವಾಗ ಅರ್ಜಿ ಹೋಯಿತು. ಆನ್‌ಲೈನ್ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆಯೂ ಇಲ್ಲ. ಅವಳ ನೋಂದಣಿ ಈಗ 2028ರ ಸೆಪ್ಟೆಂಬರ್ 30ರವರೆಗೆ ಇದೆ. ಅಂದರೆ ಮುಂದಿನ ಅರ್ಜಿ ಆ ಸೆಪ್ಟೆಂಬರ್ 1ರೊಳಗೆ. ಈ ಸಲ ಅದನ್ನು ಕ್ಯಾಲೆಂಡ್ರಿನಲ್ಲಿ ಅವಳೇ ಬರೆದುಕೊಂಡಳು.

ಅವಳ ಗಂಡ ರಿಜಿಸ್ಟರ್ ಆದದ್ದು 2023ರಲ್ಲಿ. ಅವನ ಸರದಿ 2026ಕ್ಕೆ. ಮೊನ್ನೆ ಅವರ ಮನೆಗೆ ಹೋದಾಗ ಫ್ರಿಜ್ ಮೇಲೆ ಒಂದು 40 ಪುಟದ ನೋಟ್‌ಬುಕ್ ಇತ್ತು, ಮಕ್ಕಳು ಶಾಲೆಗೆ ಒಯ್ಯುವಂಥದ್ದು. ತೆಗೆದು ನೋಡಿದೆ. ಒಂದೊಂದು ತಾರೀಖಿಗೆ ಎರಡು ಮೂರು ಸಾಲು. ಎಡಗಡೆ ಅವಳ ಅಕ್ಷರ, ಬಲಗಡೆ ಅವನದು. ಎಲ್ಲ ಕನ್ನಡದಲ್ಲಿ.